ಇಂಜಿನ್ ಎಣ್ಣೆಯಲ್ಲಿ ಹೊಳೆದದ್ದು

ಅಪ್ಪನಿಗೆ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ ಅಂತ ಗೊತ್ತು. ನಂದಿದುರ್ಗ ಗಣಿಯ ಆ ಲೈನ್ ಮನೆಗೆ ಪತ್ರ ಬಂದು ಎಷ್ಟು ವರ್ಷವಾಯಿತೋ, ಪೋಸ್ಟ್‌ಮ್ಯಾನ್ ಕೂಡ ಅನುಮಾನದಿಂದಲೇ ಕೊಟ್ಟಿರುತ್ತಾನೆ. ಹರಿದು ಹಾಕುವ ಮುಂಚೆ ಒಂದು ಸಲ ಓದು.

ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುವವಳ ಬುದ್ಧಿ ನಿನಗೆ ಗೊತ್ತಲ್ಲ. ನಿದ್ದೆ ಮಾಡುತ್ತಿರುವವನು ನನಗೆ ನಟಿಸುತ್ತಿರುವವನ ಹಾಗೆ ಕಾಣುತ್ತಾನೆ. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಹಾಗಾಗಿ ನಿನ್ನ ಹಳೆಯ ಬುಲೆಟ್ಟನ್ನು ಬಂಗಾರಪೇಟೆಗೆ ತಂದು ನಾನೇ ಬಿಚ್ಚಿ ಕಟ್ಟುತ್ತೇನೆ ಎಂದಾಗ, ಮೂರು ವರ್ಷ ಬೇಡ ಬೇಡ ಅಂದವನು ಇದ್ದಕ್ಕಿದ್ದ ಹಾಗೆ ಒಪ್ಪಿದ್ದು ನನಗೆ ಸರಿ ಕಾಣಲಿಲ್ಲ. ಅದರ ಮೇಲೆ ಒಂದು ಷರತ್ತು ಬೇರೆ. "ಬ್ಯಾರೆ ಎಲ್ಲಾ ನೀನೇ ಮಾಡ್ಕೊ. ಇಂಜಿನ್‌ಗೆ ಮಾತ್ರ ನಾನ್ ಇಲ್ದೆ ಕೈ ಆಕ್ಬ್ಯಾಡ." ಯಾಕಿರಬಹುದು ಅಂತ ಅವತ್ತೇ ತಲೆಯಲ್ಲಿ ಹುಳು ಬಿಟ್ಟುಕೊಂಡೆ.

ಮೊದಲ ತಿಂಗಳು ನಾನು ಮಾಡಿದ ಎಡವಟ್ಟುಗಳನ್ನೆಲ್ಲ ನೋಡಿ ನಕ್ಕಿದ್ದೀಯ. ಮೊಸರಿನ ಡಬ್ಬಿಗಳಲ್ಲಿ ಬೋಲ್ಟು ತುಂಬಿಟ್ಟು ಯಾವುದು ಎಲ್ಲಿಯದು ಅಂತ ಮರೆತದ್ದು, ಹಿಂದಿನ ಚಕ್ರದ ಕಡ್ಡಿಗಳನ್ನು ಎರಡು ಸಲ ತಪ್ಪಾಗಿ ಹೆಣೆದದ್ದು. ಪ್ರತಿ ಭಾನುವಾರ ನೀನು ಬೆಳಗಿನ ರೈಲಿಗೆ ಬಂದು, ಸ್ಟೂಲಿನ ಮೇಲೆ ಕೂತು, ಬೈಯದೆ ತಿದ್ದುತ್ತಿದ್ದೆ. ಆ ಭಾನುವಾರಗಳು ನನಗೆ ಎಷ್ಟು ಇಷ್ಟ ಅಂತ ಹೇಳಲೇ ಇಲ್ಲ.

ಆಮೇಲೊಂದು ಗುರುವಾರ, ರಜೆ ಇತ್ತು, ಕೈ ಸುಮ್ಮನಿರಲಿಲ್ಲ. ನಿನ್ನ ಮಾತು ಮೀರಿ ಇಂಜಿನ್ನಿನ ಎಣ್ಣೆ ಇಳಿಸಿದೆ. ಕಪ್ಪು ಎಣ್ಣೆ ಬೇಸಿನ್ನಿಗೆ ಬಿದ್ದು ನಿಂತ ಮೇಲೆ ಓರೆ ಮಾಡಿ ನೋಡಿದರೆ, ತಳದಲ್ಲಿ ಹಳದಿ ಪುಡಿ. ಬಿಸಿಲಿಗೆ ಮಿನುಗುತ್ತಿತ್ತು. ಗಣಿಯ ಊರಿನಲ್ಲಿ ಹುಟ್ಟಿದವರ ಕಣ್ಣಿಗೆ ಹಳದಿ ಹೊಳೆದರೆ ಚಿನ್ನ ಬಿಟ್ಟು ಬೇರೆ ಯಾವ ಲೋಹದ ಹೆಸರೂ ನೆನಪಿಗೆ ಬರುವುದಿಲ್ಲ. ಪಕ್ಕದ ಮನೆ ಕನಕಮ್ಮ, ಅವಳೂ ಚಾಂಪಿಯನ್‌ರೀಫ್ ಗಣಿಯ ಕಡೆಯವಳೇ, ಗಾಡಿ ಓಡುತ್ತಾ ಅಂತ ಒಂದು ದಿನವೂ ಕೇಳಿದವಳಲ್ಲ. "ಏನಾನ ಸಿಕ್ತಾ ರೂಪಾ?" ಅಂತಲೇ ಕೇಳುವುದು. ಅವತ್ತು ಕಾಂಪೌಂಡಿನ ಮೇಲಿಂದ ಅವಳ ತಲೆ ಕಂಡಾಗ ಬೇಸಿನ್ ಮೇಲೆ ಗೋಣಿಚೀಲ ಮುಚ್ಚಿದೆ.

ಪುಡಿಯನ್ನು ಬಟ್ಟೆಯಲ್ಲಿ ಸೋಸಿ ಪೌಡರ್ ಡಬ್ಬಿಗೆ ಹಾಕಿಟ್ಟೆ. ಆಮೇಲೆ ಮೂರು ದಿನ ನಿನ್ನ ಇಡೀ ಬದುಕನ್ನು ತಪಾಸಣೆ ಮಾಡಿದೆ. ನಿನ್ನ ಗಣಿಯ ಸಂಬಳದಲ್ಲಿ ಅಮ್ಮನ ಚಿನ್ನದ ಓಲೆ ಎಲ್ಲಿಂದ ಬಂತು? ನಿನ್ನ ಅಂಗಿ ಜೇಬಿಗೆ ಅಮ್ಮ ಯಾವತ್ತೂ ಕೈ ಹಾಕುತ್ತಿರಲಿಲ್ಲ, ಒಗೆಯುವ ಮುಂಚೆ ನೀನೇ ಮಗುಚಿ ಕೊಡುತ್ತಿದ್ದೆ, ಅದು ಯಾಕೆ? ಇಂಜಿನ್ನಿಗೆ ಕೈ ಹಾಕಬೇಡ ಅಂದದ್ದು ಯಾಕೆ? ಒಂದಕ್ಕೊಂದು ಎಷ್ಟು ಚೆನ್ನಾಗಿ ಕೂತವೆಂದರೆ, ಚಕ್ರದ ಕಡ್ಡಿಯೂ ನನ್ನ ಕೈಯಲ್ಲಿ ಅಷ್ಟು ಸರಿಯಾಗಿ ಕೂತಿರಲಿಲ್ಲ.

ಭಾನುವಾರ ನೀನು ಊಟದ ಡಬ್ಬಿ ಹಿಡಿದು ಬಂದೆ. ಕಾಫಿ ಕೊಡುವ ಮುಂಚೆಯೇ ಪೌಡರ್ ಡಬ್ಬಿ ನಿನ್ನ ಮುಂದಿಟ್ಟು, ಕೆಲಸದ ದನಿಯಲ್ಲೇ ಕೇಳಿದೆ. "ಇದು ಗಣಿ ಕೆಳಗಿಂದ ಮ್ಯಾಕ್ಕೆ ಎಂಗೆ ಬಂತಪ್ಪಾ?"

ನೀನು ಡಬ್ಬಿಯನ್ನು ನೋಡಲಿಲ್ಲ, ನನ್ನನ್ನು ನೋಡಿದೆ. ಎದ್ದು ನಿಂತೆ. ಊಟದ ಡಬ್ಬಿಯ ಮುಚ್ಚಳ ತೆಗೆದು ಕಲ್ಲಿನ ಮೇಲೆ ಬೇರೆ ಇಟ್ಟೆ. ಚಪ್ಪಲಿ ಬಿಟ್ಟು ಬೋರಲು ಮಾಡಿದೆ. ಜೇಬು ಮಗುಚಿದೆ. ಎರಡೂ ಕೈ ಮೇಲೆತ್ತಿದೆ. ಗಣಿ ಮುಚ್ಚುವವರೆಗೆ ಇಪ್ಪತ್ತಮೂರು ವರ್ಷ, ಪಾಳಿ ಮುಗಿದಾಗಲೆಲ್ಲ ಗೇಟಿನ ತಪಾಸಣೆಯಲ್ಲಿ ಮಾಡಿದ್ದು ಅದೇ ಇರಬೇಕು. ಒಂದು ಕಡೆಯೂ ಕೈ ತಡವರಿಸಲಿಲ್ಲ. "ನೋಡ್ಕೊಮ್ಮಾ. ಪೂರ್ತಿ ನೋಡ್ಕೊ. ಆಮ್ಯಾಕೆ ಓಗ್ತೀನಿ."

ಹೋದೆ. ಆಮೇಲೆ ಐದು ಭಾನುವಾರ ಬರಲಿಲ್ಲ.

ಮಾರನೆಯ ದಿನ ಡಬ್ಬಿಯನ್ನು ಪೇಟೆಯ ಅಕ್ಕಸಾಲಿಗೆ ಕೊಟ್ಟೆ. ಆಸಿಡ್ ಬಿಟ್ಟ, ಹಸಿರು ನೊರೆ ಬಂತು. "ಚಿನ್ನ ಅಲ್ಲಮ್ಮಾ" ಅಂದ. ಮೆಕ್ಯಾನಿಕ್ ಸೆಲ್ವರಾಜ್‌ಗೆ ತೋರಿಸಿದರೆ ಅವನು ತಲೆ ಚಚ್ಚಿಕೊಂಡ. "ಕಂಚಿನ ಬುಷ್ ಕಣಮ್ಮಾ, ಪಿಸ್ಟನ್ ಕೆಳಗಿರೋ ಬಳೆ. ಸವ್ದು ಪುಡಿ ಆಗೈತೆ. ನಿಮ್ಮಪ್ಪ ಮುನಿಶಾಮಣ್ಣ ಎಣ್ಣೆ ನೋಡಿದ್ ತಕ್ಷಣ ಇದೇ ಅಂತ ಏಳಿರೋರು." ಹೊಸಬಳು ಇಂಜಿನ್ ಕೆಡಿಸಿಕೊಂಡಾಳು ಅಂತ ನೀನು ಹಾಕಿದ ಷರತ್ತು ಅದು, ಅಷ್ಟೇ. ಹೊಸ ಬುಷ್ ಕೂರಿಸಿದ್ದಾನೆ. ಗಾಡಿ ತಯಾರಿದೆ.

ಆದರೆ ಇಷ್ಟನ್ನು ಹೇಳಲು ಪತ್ರ ಬೇಕಿರಲಿಲ್ಲ. ಹೇಳಬೇಕಾದದ್ದು ಇದು. ನೀನು ಕೈ ಎತ್ತಿ ನಿಂತಾಗ ನಾನು ಬೇಡಪ್ಪಾ ಅಂದೆ. ಬಾಯಿ ಹಾಗೆ ಅನ್ನುತ್ತಿರುವಾಗಲೇ ಕಣ್ಣು ನಿನ್ನ ಜೇಬಿಗೆ ಹೋಯಿತು. ಖಾಲಿ ಅಂತ ಕಂಡು ಸಮಾಧಾನವಾಯಿತು. ಆ ಸಮಾಧಾನವನ್ನು ನೀನು ನನ್ನ ಮುಖದಲ್ಲಿ ನೋಡಿದೆ. ಕಂಚು ಅಂತ ತಿಳಿದ ಮೇಲೆ ಬರೆಯುತ್ತಿದ್ದೇನೆ ಅನ್ನುವುದೂ ನನಗೆ ಗೊತ್ತು. ಚಿನ್ನವೇ ಆಗಿದ್ದರೆ ಬರೆಯುತ್ತಿದ್ದೆನಾ? ಗೊತ್ತಿಲ್ಲಪ್ಪಾ, ಸುಳ್ಳು ಹೇಳಲಾರೆ.

ಗೇಟಿನಲ್ಲಿ ನಿನ್ನ ಮೈ ತಡವಿದವರು ಯಾರೂ ನಿನ್ನ ಮಕ್ಕಳಾಗಿರಲಿಲ್ಲ. ಅದಕ್ಕೇ ಅಲ್ಲಿಂದ ಮನೆಗೆ ಬಂದು ನಮ್ಮ ಜೊತೆ ಊಟ ಮಾಡಲು ನಿನಗೆ ಆಗುತ್ತಿತ್ತು.

ಇನ್ನು ಯಾರ ಕಣ್ಣೂ ನಿನ್ನ ಮೇಲೆ ಹಾಗೆ ಹರಿಯದಿರಲಿ, ಅಪ್ಪಾ.

ಕ್ಷಮಿಸು ಎನ್ನುವ ಧೈರ್ಯವಿಲ್ಲದ ನಿನ್ನ ಮಗಳು,
ರೂಪ