ಹದಿನಾಲ್ಕನೇ ವಾಕ್ಯ

ಮಾರ್ಚ್ 3, ಸೋಮವಾರ

ಇವತ್ತೂ ಲಾಂಡ್ರಿಯಲ್ಲಿ ಎರಡು ಮಿಷನ್ ಕೆಟ್ಟಿವೆ. ಆಸ್ಪತ್ರೆಯ ಚಾದರಗಳು ಬೆಟ್ಟದಷ್ಟು. ಮಕ್ಕಳ ವಾರ್ಡಿಗೆ ಆಯಾ ಬೇಕಂತೆ, ಒಂದೇ ಜಾಗ. ಅರ್ಜಿ ಹಾಕಿದೆ. ಹಿಂದೆಯೇ ತಂಗಿಯೂ ಹಾಕಿದಳು. ನಾನು ಕೈಚಾಚಿದ್ದೇ ಅವಳಿಗೆ ಬೇಕು. ಅವಳನ್ನು ಆಡಿಸಲಿಕ್ಕೆಂದು ಏಳನೇ ಕ್ಲಾಸಿಗೆ ನನ್ನ ಶಾಲೆ ಬಿಡಿಸಿದರು. ಅವಳು ಕಾಲೇಜಿನ ಮೆಟ್ಟಿಲು ಹತ್ತಿದಳು. ಈಗ ಇಬ್ಬರೂ ಒಂದೇ ಸೋಪಿನ ನೀರಿನಲ್ಲಿ... ಆದರೂ ಎಲ್ಲರಿಗೂ ಅವಳೇ ಬೇಕು.

ಮಾರ್ಚ್ 6

ಪರೀಕ್ಷೆ. ಪಾಠದ್ದಲ್ಲ, ಮನಸ್ಸಿನದು. ಅರವತ್ತು ವಾಕ್ಯ. ನಮಗೆ ಹೊಂದಿದರೆ 'ಹೌದು', ಇಲ್ಲದಿದ್ದರೆ 'ಅಲ್ಲ'. "ಇದರಲ್ಲಿ ಸರಿ-ತಪ್ಪು ಅಂತೇನಿಲ್ಲ, ಹೆದರ್ಬೇಡಿ" ಎಂದರು ಪರೀಕ್ಷೆಯ ಮೇಡಂ. ಸರಿ-ತಪ್ಪಿಲ್ಲದ ಮೇಲೆ ಪರೀಕ್ಷೆ ಯಾಕೆ?

ಪಕ್ಕದಲ್ಲಿ ತಂಗಿ ಹಣೆಯ ಹಳೇ ಗಾಯದ ಗುರುತು ಸವರಿಕೊಳ್ಳುತ್ತಾ ಸರಸರ ಗುರುತು ಹಾಕುತ್ತಿದ್ದಳು. ಉಪಾಯ ಹೊಳೆಯಿತು. ನನ್ನದು ಬೇಡ — ಅವಳಾಗಿದ್ದರೆ ಏನು ಹಾಕುತ್ತಿದ್ದಳು ಎಂದು ಯೋಚಿಸಿ ಹಾಕಿದೆ. ಕೋಪ ಬಂದಿಲ್ಲ. ಸುಳ್ಳಾಡಿಲ್ಲ. ಹದಿನಾಲ್ಕು: 'ನನ್ನವರನ್ನೇ ಕಂಡು ನನಗೆ ಹೊಟ್ಟೆ ಉರಿದದ್ದುಂಟು.' ಅಲ್ಲ.

ಮಾರ್ಚ್ 13

ಮೇಡಂ ಕರೆಸಿದರು.

"ಸುಳ್ಳು ಹಿಡಿಯೋಕೆ ಅಂತ ಹತ್ತು ವಾಕ್ಯ ನಾವು ಬೇಕಂತಲೇ ಸೇರಿಸಿರ್ತೀವಿ. ಮನುಷ್ಯರಾದವರು ಒಂದೆರಡಾದ್ರೂ ತಪ್ಪು ಒಪ್ಕೋತಾರೆ. ನೀವು ಒಂದೂ ಒಪ್ಕೊಂಡಿಲ್ಲ. ದೇವರನ್ನ ಆಯಾ ಕೆಲ್ಸಕ್ಕೆ ತಗೊಳ್ಳೋಕಾಗಲ್ಲಮ್ಮ."

ನಗಿಸಲಿಕ್ಕೆ ಅಂದದ್ದು. ನಗು ಬರಲಿಲ್ಲ. ನನ್ನ ಉತ್ತರ ಲೆಕ್ಕಕ್ಕಿಲ್ಲವಂತೆ. ಸೋಮವಾರ ಇನ್ನೊಮ್ಮೆ ಬರೆಯಬೇಕು, ಈ ಸಲ ಇದ್ದದ್ದು ಇದ್ದ ಹಾಗೆ. ತಂಗಿಯದು ಸರಿಯಾಗಿದೆಯಂತೆ. ಇರದೆ ಏನು.

ಮಾರ್ಚ್ 14

ಚಾದರ ಮಡಿಸುವಾಗ ಕೇಳಿಯೇಬಿಟ್ಟೆ. ಆ ತುದಿ ಅವಳು, ಈ ತುದಿ ನಾನು.

"ಹದಿನಾಲ್ಕಕ್ಕೆ ಏನ್ ಹಾಕ್ದೆ?"

"ಹೌದು ಅಂತ."

"ನಿಂಗೆ ಹೊಟ್ಟೆಕಿಚ್ಚಾ? ಯಾರ ಮೇಲೆ ಮಹಾತಾಯಿ?"

"ಇನ್ಯಾರ ಮೇಲಕ್ಕ, ನಿನ್ ಮೇಲೇ. ನಾನು ಕೈ ಹಿಡ್ಕೊಂಡು ಕೂತಿದ್ರೂ ಅಮ್ಮ ಕೊನೇ ತನಕ ನಿನ್ನನ್ನೇ ಕೂಗಿದ್ಲು. ತುದಿ ಸರಿಯಾಗಿ ಹಿಡ್ಕೋ, ನೆಲಕ್ಕೆ ತಾಗ್ತಿದೆ."

ಹೊಟ್ಟೆಕಿಚ್ಚು ಒಪ್ಪಿಕೊಳ್ಳುವುದರಲ್ಲೂ ಅವಳೇ ಮುಂದೆ.

ಮಾರ್ಚ್ 17, ಬೆಳಿಗ್ಗೆ 7

ಹನ್ನೊಂದಕ್ಕೆ ಪರೀಕ್ಷೆ. 'ಅಲ್ಲ' ಎಂದರೆ ಮತ್ತೆ ದೇವರಾಗುತ್ತೇನೆ. 'ಹೌದು' ಎಂದರೆ ಯಾಕೆ, ಯಾವಾಗಿನಿಂದ ಎಂದು ಕೇಳಿಬಿಟ್ಟರೆ? ನಾನು ಅರ್ಜಿ ಹಾಕಿದ್ದು ಮಕ್ಕಳ ವಾರ್ಡಿನ ಕೆಲಸಕ್ಕೆ...

ಮೊದಲು ಇಲ್ಲೇ ಬರೆದು ನೋಡುತ್ತೇನೆ, ಕೈ ಪಳಗಲಿ.

ಹದಿನಾಲ್ಕು. ಹೌದು. ಅವಳು ಹುಟ್ಟಿದ ದಿನದಿಂದ.

ಹಣೆಯ ಆ ಗುರುತು ಅವಳಾಗಿ ಬಿದ್ದು ಆದದ್ದಲ್ಲ. ಅವಳೇ ಬಿದ್ದಳು ಎಂದು ಅಮ್ಮನಿಗೂ ಸುಳ್ಳು ಹೇಳಿದ್ದೆ. ತೊಟ್ಟಿಲು ತೂಗುತ್ತಿದ್ದವಳು ನಾನು. ಬೇಕಂತಲೇ ಜೋರಾಗಿ —