ಚಿಲಕ ನನ್ನ ಬ್ಯಾಗಲ್ಲಿದೆ

ಲೋ ಸೋಮಾರಿ,

ಹುಟ್ಟಿದಾಗಿನಿಂದ ಒಂದು ಕರ್ಚೀಫೂ ಒಗೆಯದವನು ಇವತ್ತು ನಾನು ಏಳೋ ಮುಂಚೆ ಬೆಡ್‌ಶೀಟ್ ಒಗೆದು ಒಣಹಾಕಿ ಮಲಗಿದ್ದೀಯ. ನೋಡಿದ ತಕ್ಷಣ ಗೊತ್ತಾಯ್ತು. ಮತ್ತೆ ರಕ್ತ ಹೋಗ್ತಿದೆ, ಅಲ್ವೇನೋ?

ಕರುಳಿನ ಮಾತ್ರೆ ಡಬ್ಬಿ ತುಂಬಿದ ಹಾಗೇ ಇದೆ. ಹುಷಾರಾದೆ ಅಂತ ನೀನೇ ನಿಲ್ಲಿಸಿಬಿಟ್ಯಾ, ಮಹಾ ವೈದ್ಯ? ಡಾಕ್ಟರಿಗೆ ಫೋನ್ ಮಾಡಿದೆ, ಹತ್ತಕ್ಕೆ ಬನ್ನಿ ಅಂದಿದ್ದಾರೆ. ಮೊದಲ ಟ್ರಿಪ್ ಬಸ್ ಓಡಿಸಿ ಒಂಬತ್ತಕ್ಕೆ ಬರ್ತೀನಿ. ನೋವಿನ ಮಾತ್ರೆ ಮುಟ್ಟಬೇಡ, ಕರುಳು ಇನ್ನೂ ಕೆರಳುತ್ತೆ. ಜ್ವರ ಬಂದ್ರೆ, ಹೊಟ್ಟೆ ಉಬ್ಬಿದ್ರೆ ನನಗೋಸ್ಕರ ಕಾಯಬೇಡ, ಆಂಬುಲೆನ್ಸ್ ಕರಿ.

ಟಾಯ್ಲೆಟ್ಟಿನ ಚಿಲಕ ಬಿಚ್ಚಿ ತಗೊಂಡು ಹೋಗ್ತಿದ್ದೀನಿ. ಹೋದ ಸಲ ನೀನು ಒಳಗೆ ಬಿದ್ದಾಗ ಬಾಗಿಲು ಒಡೆಯೋಕೆ ನನ್ನ ಕೈಲಾಗಲಿಲ್ಲ. ನಾನು ಬಂದಾಗ ಒಳಗಿದ್ರೆ ಜೋರಾಗಿ ಹಾಡ್ತಾ ಇರು. ಹಾಡು ಕೇಳಿಸದಿದ್ರೆ ನುಗ್ಗಿಬಿಡ್ತೀನಿ.

ಅಕ್ಕ