ಮೂಟೆಗಳ ನಡುವೆ ಹಾಡಬೇಕಿದ್ದ ಹತ್ತನೆಯ ಹಾಡು

ಅಣ್ಣಾ,

"ಘಾಟಿ ಇಳಿಯೋ ಲಾರಿಯೋನೆ, ನನ್ನ ಬಿಟ್ಟು ಹೋಗು ಮಾರಾಯ..." ಇದರ ಮುಂದೇನಿತ್ತು? ಎರಡು ದಿನದಿಂದ ಈ ಅರ್ಧ ಸಾಲನ್ನು ಹಿಡಿದು ಕೂತಿದ್ದೇನೆ. ಹಾಡಿನಲ್ಲಿ ಊರು ಬಿಟ್ಟು ಹೋಗಲೆಂದೇ ರಸ್ತೆಗೆ ಬಂದವನು, ಸಿಕ್ಕಿದ ಲಾರಿಯನ್ನು ಯಾಕೆ ಕಳಿಸಿಬಿಡುತ್ತಾನೆ? ಕನ್ನಡ ಎಂ.ಎ. ಮಾಡಿದವಳಿಗೆ ಯಾರು ಯಾರದೋ ಕವಿತೆ ಬಾಯಿಗೆ ಬರುತ್ತದೆ. ಒಡಹುಟ್ಟಿದವನ ಒಂದು ಸಾಲು...

ನೀನು ಜೀಪು ಓಡಿಸುತ್ತಿದ್ದ ಎಸ್ಟೇಟಿನ ಬಂಗಲೆ ಖಾಲಿ ಮಾಡಿದಾಗ, ಯಾರಿಗೂ ಬೇಡವಾದ ಹಳೆಯ ಇಂಗ್ಲಿಷ್ ರೆಕಾರ್ಡುಗಳನ್ನು ಮನೆಗೆ ಹೊತ್ತು ತಂದೆಯಲ್ಲ, ಆವತ್ತು ಕೇಳಿದ್ದೆ: "ಇದೆಂಥ ಸಂಗೀತ?" ನೀನು ನಕ್ಕಿದ್ದೆ. "ಹಾಂಕಿ-ಟಾಂಕ್ ಅಂತಾರೆ ಕಣೇ. ಅಂದ್ರೆ ಅವರೂರಿನ ಬ್ರಾಂದಿ ಅಂಗಡಿ ಹಾಡು. ಕುಡಿಯೋದು, ಅಳೋದು, ಮನೆಗೆ ಹೋಗೋಕೆ ಹೆದರೋದು. ನಮ್ಮ ಕಥೆನೇ." ಆಮೇಲೆ ನೀನೇ ಕನ್ನಡದಲ್ಲಿ ಅಂಥ ಹಾಡು ಕಟ್ಟತೊಡಗಿದೆ. ನಾವಿಬ್ಬರೇ ಇದ್ದ ಮನೆ. ನೀನು ಹಾಡು ಮುಗಿಸಿ ಬರುವಾಗಲೆಲ್ಲ ನಾನು ಬಾಗಿಲಲ್ಲಿ ಬೈಯಲು ನಿಂತಿರುತ್ತಿದ್ದೆ. "ಇದಕ್ಕೂ ಪದ್ಯ ಅಂತಾರಾ?" ಎಂದದ್ದು ಎಷ್ಟು ಸಲವೋ.

ನಮ್ಮ ಪುಟ್ಟ ತೋಟದ ಸ್ಟೋರಿನಲ್ಲಿ ಒಣಗಿದ ಕಾಫಿಯ ಮೂಟೆಗಳನ್ನು ಸೂರಿನವರೆಗೆ ಪೇರಿಸಿದಾಗ ನೀನು ಕಂಡುಕೊಂಡ ಗುಟ್ಟು ನೆನಪಾಗುತ್ತದೆ. ಗೋಣಿಯೂ ಕಾಫಿಯೂ ದನಿಯನ್ನು ಹೀರಿಕೊಳ್ಳುತ್ತವೆ, ಮಾರ್ದನಿ ಏಳುವುದಿಲ್ಲ. ಆನೇಮಹಲ್‌ನಲ್ಲಿ ಗ್ಯಾರೇಜ್ ಇಟ್ಟಿರುವ ನಜೀರ್ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು, ತಂತಿಯ ಮೇಲೆ ಕಬ್ಬಿಣದ ತುಂಡು ಜಾರಿಸುತ್ತಿದ್ದ. ಅದು ಥೇಟ್ ಅಳುವ ಹಾಗೇ ಕೇಳುತ್ತಿತ್ತು. ಐವತ್ತು ದಾಟಿದ ಇಬ್ಬರು ಗಂಡಸರ ಮೊದಲ ಆಲ್ಬಂ! ಮೂಟೆಗಳ ನಡುವೆ ಮೈಕ್ ಇಟ್ಟು ಒಂಬತ್ತು ಹಾಡು ರೆಕಾರ್ಡ್ ಮಾಡಿ ಮುಗಿಸಿದಿರಿ. ಹತ್ತನೆಯದು ಭಾನುವಾರ ಎಂದಿರಿ. "ಅಲ್ಲೀತಂಕ ಮೂಟೆ ಮುಟ್ಬೇಡ" ಎಂದು ನನಗೆ ಹೇಳಿ ನೀನು ಕುಂದೂರಿಗೆ ಹೋದೆ.

ಶುಕ್ರವಾರ ಲಾರಿ ಬಂತು. ನಾನು ಲೋಡ್ ಮಾಡಿಸಿಬಿಟ್ಟೆ. ನೀನು ಬಂದು ಖಾಲಿ ಸ್ಟೋರಿನಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿದೆ. ಅದು ನಾಲ್ಕೂ ಗೋಡೆಗೆ ಬಡಿದು ತಿರುಗಿ ಬಂತು. "ಹೋಗ್ಲಿ ಬಿಡೇ, ಮುಂದಿನ ವರ್ಷನೂ ಕಾಫಿ ಬಿಡ್ತದಲ್ಲ" ಎಂದೆ. ಕಾಫಿ ಬಿಟ್ಟಿತು. ಆಷಾಢದಲ್ಲೇ ನಿನ್ನ ಎದೆಬಡಿತ ನಿಂತುಹೋಗಿತ್ತು.

ಸುಗ್ಗಿಯಲ್ಲಿ ಲಾರಿ ಸಿಗುವುದೇ ಕಷ್ಟ ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ. ನಿನಗೂ ಅದನ್ನೇ ಹೇಳಿದೆ. ನಿಜ ಇವತ್ತು ಬರೆಯುತ್ತೇನೆ. ಡ್ರೈವರ್ ತಾನಾಗಿಯೇ ಕೇಳಿದ್ದ, "ಒಳಗೆಲ್ಲ ವೈರು ಎಳ್ದವ್ರೆ, ಸೋಮವಾರ ಬರ್ಲಾ ಅಕ್ಕಾ?" ಬೇಡ, ಈಗಲೇ ತುಂಬು ಎಂದವಳು ನಾನು. ಅಲ್ಲಿ ನಡೆಯಬೇಕಿದ್ದದ್ದು ಕವಿಗೋಷ್ಠಿಯಾಗಿದ್ದರೆ ಹಾಗೆ ಹೇಳುತ್ತಿದ್ದೆನೇ?

ಮೊನ್ನೆ ನಜೀರ್ ಬಂದಿದ್ದ. ಸ್ಟೋರು ಮತ್ತೆ ತುಂಬಿದೆ. "ಒಂಬತ್ತಕ್ಕೇ ಮುಗ್ಸೋಕೆ ಮನಸ್ಸು ಬರ್ತಿಲ್ಲ ಅಕ್ಕಾ. ಹತ್ತನೇದು ನೀವು ಹಾಡಿ."

"ನಾನಾ? ನನಗೆ ಶ್ರುತಿ ಎಲ್ಲಿದೆ?"

"ಅವನಿಗೆಲ್ಲಿತ್ತು? ಕುಡಿದೋನ ಹಾಡು, ಒಂಚೂರು ವಾಲಾಡಿದ್ರೇ ಚೆಂದ."

ನೀನು ಯಾವುದನ್ನೂ ಬರೆದಿಟ್ಟವನಲ್ಲ. ಆ ಹತ್ತನೆಯ ಹಾಡಿನಲ್ಲಿ ಉಳಿದದ್ದೆಲ್ಲ ನಜೀರನಿಗೆ ನೆನಪಿದೆ, ಈ ಸಾಲೊಂದು ಬಿಟ್ಟು. ಲಾರಿಯವನಿಗೆ ಈ ಸಲ ಸೋಮವಾರವೇ ಬಾ ಎಂದಿದ್ದೇನೆ. ಭಾನುವಾರಕ್ಕೆ ಇನ್ನು ಒಂದೇ ದಿನ.

ಇಷ್ಟು ಬರೆದು, ಅದೇ ಅರ್ಧ ಸಾಲನ್ನು ಗುನುಗುತ್ತಾ ಕೂತಿದ್ದೆ. ಪಕ್ಕದ ಮನೆಯ ಗಿರಿಜಕ್ಕ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದಳು. "ನಿಮ್ಮಣ್ಣ ಹಾಡ್ತಾನೋ, ಕರ ಕಳ್ಕಂಡ ಹಸ ಕೂಗ್ತದೋ" ಎಂದು ಬೇಲಿಯಾಚೆಯಿಂದ ನಿನ್ನನ್ನು ಅಣಕಿಸುತ್ತಿದ್ದವಳು. ಲೋಟ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳು.

"ಅಲ್ಲಿಗೇ ನಿಲ್ಲಿಸ್ಬುಟ್ರೆ ಹೆಂಗವ್ವಾ? ದಿನಾ ಕೇಳಿ ಕೇಳಿ ನಂಗೇ ಬಾಯಿಗೆ ಬಂದೈತೆ. 'ನನ್ನ ಬಿಟ್ಟು ಹೋಗು ಮಾರಾಯ, ಬೈಯಾಕೆ ಒಬ್ಳು ಕಾಯ್ತಾವ್ಳೆ, ಬೈಸ್ಕೊಂಡು ಮಲಗ್ತೀನಿ.' ಹಂಗ್ಯಾಕೆ ನೋಡ್ತೀಯಾ? ಅವನ್ನ ಬೈಯೋರು ನಿನ್ನ ಬಿಟ್ರೆ ಇನ್ಯಾರವ್ವಾ ಇದ್ರು?"